ತರಗತಿಯಲ್ಲಿ ಯಂತ್ರ: ಭಾವೀ ಶಿಕ್ಷಕನೊಬ್ಬನ ಮರುವಿಮರ್ಶೆ

ಬಿ.ಎಡ್. ತರಬೇತಿಯ ಮೊದಲ ವರ್ಷದಲ್ಲಿ ನಮಗೆಲ್ಲ ಒಂದು ಪ್ರಬಂಧವನ್ನು ಬರೆಯಲು ಹೇಳಿದ್ದರು. ‘ನಾಳೆ ಶಿಕ್ಷಕರಾದಾಗ ತರಗತಿಯಲ್ಲಿ ತಂತ್ರಜ್ಞಾನವನ್ನು ನೀವು ಹೇಗೆ ಬಳಸುವಿರಿ?’ ಎಂಬುದು ಅದರ ವಿಷಯ. ನಾನು ಉತ್ಸಾಹದಿಂದ ಹನ್ನೆರಡು ಪುಟಗಳನ್ನು ತುಂಬಿಸಿದೆ. 20ಕ್ಕೆ 18 ಅಂಕಗಳು ದೊರೆತವು. ಗುರುಗಳು ಅಂಚಿನಲ್ಲಿ ‘ಉತ್ತಮ’ ಎಂದು ಬರೆದು ಕೊಟ್ಟರು. ಎರಡನೆಯ ವರ್ಷ ಬೋಧನಾಭ್ಯಾಸಕ್ಕೆಂದು ಹಳ್ಳಿಯ ಶಾಲೆಯೊಂದರಲ್ಲಿ ಕೆಲವು ವಾರ ನಿಂತು ಬಂದ ಮೇಲೆ ಅದೇ ಪ್ರಬಂಧವನ್ನು ಮತ್ತೊಮ್ಮೆ ತೆರೆದು ಓದಿದೆ. ಅದರಲ್ಲಿ ಭಾಷೆಯ ದೋಷಗಳು ಹೆಚ್ಚಿರಲಿಲ್ಲ. ಆದರೆ ಮಗು ಎಂಬ ಪದವು ಹನ್ನೆರಡು ಪುಟಗಳಲ್ಲಿ ಎರಡೇ ಸಲ ಬಂದಿತ್ತು. ಆ ಎರಡು ಸಲವೂ ಅದು ಪರದೆಯನ್ನು ನೋಡುವ ಮಗುವಾಗಿತ್ತೇ ಹೊರತು ಮಾತನಾಡುವ ಮಗುವಾಗಿರಲಿಲ್ಲ.

ಇನ್ನೊಬ್ಬರ ಗ್ರಂಥವನ್ನು ವಿಮರ್ಶಿಸುವ ಯೋಗ್ಯತೆ ನನಗಿನ್ನೂ ಬಂದಿಲ್ಲ. ನನ್ನ ಪ್ರಬಂಧವನ್ನು ವಿಮರ್ಶಿಸುವ ಅಧಿಕಾರವಾದರೂ ನನಗುಂಟು. ಈ ಪತ್ರಿಕೆಯ ವಾಚಕರಲ್ಲಿ ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಮುಂದೆ ಶಿಕ್ಷಕ ವೃತ್ತಿಯಲ್ಲಿ ತಲೆ ನರೆಸಿಕೊಂಡ ಹಿರಿಯರು ಅನೇಕರಿದ್ದಾರೆ. ಅದೇ ಪಂಕ್ತಿಯಲ್ಲಿ ಕುಳಿತು ಉಂಡ ಕಿರಿಯನ ಈ ಪರಿಶೀಲನೆಯನ್ನು ಅವರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನನ್ನ ಪ್ರಬಂಧದ ಸಾರವು ಮೂರು ಮಾತುಗಳಲ್ಲಿ ಅಡಗಿತ್ತು. ಯಂತ್ರವು ಕಠಿಣವಾದುದನ್ನು ಸುಲಭಗೊಳಿಸುತ್ತದೆ ಎಂಬುದು ಮೊದಲನೆಯದು. ಅದು ಪಟ್ಟಣದ ಮಗುವಿಗೂ ಹಳ್ಳಿಯ ಮಗುವಿಗೂ ಇರುವ ಅಂತರವನ್ನು ಅಳಿಸುತ್ತದೆ ಎಂಬುದು ಎರಡನೆಯದು. ಅದು ಶಿಕ್ಷಕನ ಹೊರೆಯನ್ನು ಇಳಿಸುತ್ತದೆ ಎಂಬುದು ಮೂರನೆಯದು. ಇವುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ಸುಳ್ಳಲ್ಲದ ಮಾತೇ ಬಹುಕಾಲ ನಮ್ಮನ್ನು ದಾರಿ ತಪ್ಪಿಸಬಲ್ಲದು. ಆದ್ದರಿಂದ ಒಂದೊಂದನ್ನೇ ಒರೆಗೆ ಹಚ್ಚಿ ನೋಡೋಣ.

ಮೊದಲನೆಯ ಮಾತು ಹೊಸದೇನಲ್ಲ. ಚಲಚ್ಚಿತ್ರ ಯಂತ್ರದ ನಿರ್ಮಾಪಕರಲ್ಲಿ ಒಬ್ಬನಾದ ಥಾಮಸ್ ಎಡಿಸನ್ 1913ರಲ್ಲಿಯೇ, ಇನ್ನು ಕೆಲವೇ ವರ್ಷಗಳಲ್ಲಿ ಶಾಲೆಗಳಲ್ಲಿ ಪುಸ್ತಕಗಳು ಬಳಕೆ ತಪ್ಪಿ ಹೋಗುವವೆಂದೂ ಮಕ್ಕಳು ಕಣ್ಣಿನ ಮೂಲಕವೇ ಕಲಿಯುವರೆಂದೂ ಭವಿಷ್ಯ ನುಡಿದಿದ್ದನು. ಆ ಮಾತಿಗೆ ನೂರು ವರ್ಷಗಳ ಮೇಲಾಯಿತು. ಪುಸ್ತಕವು ಶಾಲೆಯಿಂದ ಹೊರಗೆ ಹೋಗಲಿಲ್ಲ. ಚಲಚ್ಚಿತ್ರದ ತರುವಾಯ ಆಕಾಶವಾಣಿ, ದೂರದರ್ಶನ, ಗಣಕಯಂತ್ರ, ಕೈಯೊಳಗಿನ ದೂರವಾಣಿ ಇವೆಲ್ಲ ಸರದಿಯಂತೆ ತರಗತಿಯ ಬಾಗಿಲಿಗೆ ಬಂದವು. ಪ್ರತಿಯೊಂದೂ ಬರುವಾಗ ಹಿಂದಿನದನ್ನು ಸ್ವಾಗತಿಸಿದ ಮಾತುಗಳಿಂದಲೇ ಸ್ವಾಗತಿಸಲ್ಪಟ್ಟಿತು. ನನ್ನ ಪ್ರಬಂಧವೂ ಅಂಥದೊಂದು ಸ್ವಾಗತ ಭಾಷಣವಾಗಿತ್ತು.

ಬೋಧನಾಭ್ಯಾಸದಲ್ಲಿ ನನಗೆ ಎಂಟನೆಯ ತರಗತಿಯ ವಿಜ್ಞಾನ ಬಂದಿತ್ತು. ಚಂದ್ರನ ವೃದ್ಧಿ ಕ್ಷಯಗಳ ಪಾಠಕ್ಕೆ ಪ್ರೊಜೆಕ್ಟರ್ ಹಚ್ಚಿ ಎಂಟು ನಿಮಿಷಗಳ ಒಂದು ಸುಂದರವಾದ ಚಲನಚಿತ್ರವನ್ನು ತೋರಿಸಿದೆ. ಕತ್ತಲ ಆಕಾಶದಲ್ಲಿ ಭೂಮಿ ತಿರುಗುತ್ತಿತ್ತು, ಚಂದ್ರ ಅದನ್ನು ಸುತ್ತುತ್ತಿದ್ದ, ಹಿನ್ನೆಲೆಯಲ್ಲಿ ಮಧುರವಾದ ಸಂಗೀತವಿತ್ತು. ಮೂವತ್ತೆಂಟು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ‘ತಿಳಿಯಿತೇ?’ ಎಂದು ಕೇಳಿದೆ. ‘ತಿಳೀತ್ರಿ ಸರ’ ಎಂದು ಒಕ್ಕೊರಲಿನಿಂದ ಉತ್ತರ ಬಂದಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮೇಲ್ವಿಚಾರಕರು ಪಾಠವನ್ನು ಮೆಚ್ಚಿ ಅಂಕ ನೀಡಿದರು.

ಮರುದಿನ ಮಧ್ಯಾಹ್ನದ ಊಟದ ವೇಳೆಯಲ್ಲಿ ಒಬ್ಬ ಹುಡುಗಿ ತಟ್ಟೆ ತೊಳೆದುಕೊಂಡು ಬರುತ್ತ ನನ್ನನ್ನು ಕೇಳಿದಳು: ‘ಸರ, ಅಮಾಸಿ ದಿನ ಭೂಮಿ ನೆಳ್ಳು ಚಂದ್ರನ ಮ್ಯಾಲ ಪೂರಾ ಬೀಳತದ, ಹೌದಲ್ರಿ?’ ನಾನು ಬೆರಗಾದೆ. ಅದು ತಪ್ಪು, ಆದರೆ ಅವಳು ಕೇಳಿದ ರೀತಿಯಲ್ಲಿ ಸಂಶಯವಿರಲಿಲ್ಲ, ದೃಢೀಕರಣದ ಅಪೇಕ್ಷೆಯಿತ್ತು. ಮಧ್ಯಾಹ್ನದ ಅವಧಿಯಲ್ಲಿ ಉಳಿದವರಿಗೆ ಒಂದೊಂದು ಚೀಟಿ ಕೊಟ್ಟು, ಚಂದ್ರ ಏಕೆ ಸಣ್ಣವನಾಗಿ ಕಾಣುತ್ತಾನೆಂದು ಬರೆಯಿಸಿದೆ. ಬಹುಪಾಲು ಮಕ್ಕಳು ಭೂಮಿಯ ನೆರಳನ್ನೇ ಬರೆದಿದ್ದರು. ಚಲನಚಿತ್ರದಲ್ಲಿ ನೆರಳಿನ ಮಾತೇ ಇರಲಿಲ್ಲ! ಅವರು ತಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಕಲ್ಪನೆಯನ್ನು ಆ ಚಿತ್ರದ ಮೇಲೆ ಹೊದಿಸಿ ನೋಡಿದ್ದರು. ಚಿತ್ರವು ಬಾಹ್ಯಾಕಾಶದಿಂದ ಕಂಡ ನೋಟವನ್ನು ತೋರಿಸಿತ್ತು. ಮಕ್ಕಳು ನಿಂತಿದ್ದುದು ಭೂಮಿಯ ಮೇಲೆ. ಈ ಎರಡು ನೋಟಗಳನ್ನು ಕೂಡಿಸುವ ಕೆಲಸ ನನ್ನದಾಗಿತ್ತು, ನಾನು ಅದನ್ನು ಯಂತ್ರಕ್ಕೆ ಒಪ್ಪಿಸಿ ಪಕ್ಕಕ್ಕೆ ನಿಂತಿದ್ದೆ.

ಮುಂದಿನ ಕ್ರಮವನ್ನು ನನಗೆ ಹೇಳಿಕೊಟ್ಟವರು ಆ ಶಾಲೆಯ ಹಿರಿಯ ಶಿಕ್ಷಕರು. ಕೃಷ್ಣಪಕ್ಷದ ಅಷ್ಟಮಿಯವರೆಗೆ ಕಾಯಲು ಅವರು ಹೇಳಿದರು. ಅಂದು ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಅಂಗಳದಲ್ಲಿಯೇ ನಿಲ್ಲಿಸಿಕೊಂಡೆ. ಪೂರ್ವದ ಕಡೆಗೆ ಸೂರ್ಯನಿದ್ದ. ಪಶ್ಚಿಮದ ಕಡೆಗೆ ಅರ್ಧಚಂದ್ರ ಮಸುಕಾಗಿ ಕಾಣುತ್ತಿದ್ದ. ಸುಣ್ಣ ಬಳಿದ ಒಂದು ಚೆಂಡನ್ನು ಚಂದ್ರನ ದಿಕ್ಕಿಗೆ ಎತ್ತಿ ಹಿಡಿಯಲು ಹೇಳಿದೆ. ಬಿಸಿಲಿನಲ್ಲಿ ಚೆಂಡಿನ ಯಾವ ಪಕ್ಕ ಬೆಳಗಿತೋ ಚಂದ್ರನ ಅದೇ ಪಕ್ಕ ಬೆಳಗಿತ್ತು. ಯಾರೂ ಮಾತನಾಡಲಿಲ್ಲ. ಕೊನೆಗೆ ಅದೇ ಹುಡುಗಿ, ‘ಇಬ್ಬರೂ ಮ್ಯಾಲೇ ಅದಾರಲ್ರಿ ಸರ, ನಡುವ ಭೂಮಿ ಎಲ್ಲಿ ಬಂತು?’ ಎಂದಳು. ಇನ್ನೊಬ್ಬ ಹುಡುಗ, ‘ಹಂಗಾರ ಗ್ರಹಣ ಹುಣ್ಣಿಮಿಗೇ ಯಾಕ ಹಿಡೀತದ?’ ಎಂದು ಕೇಳಿದ. ಚಂದ್ರಗ್ರಹಣದಲ್ಲಿ ಮಾತ್ರ ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದೆಂದೂ, ಅದು ಹುಣ್ಣಿಮೆಯ ದಿನವೇ ಸಾಧ್ಯವೆಂದೂ, ಚಂದ್ರನ ಪಥವು ಸುಮಾರು 5 ಅಂಶದಷ್ಟು ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಾಗದೆಂದೂ ಹೇಳಲು ಅವರೇ ನನಗೆ ದಾರಿ ಮಾಡಿಕೊಟ್ಟರು. ಅನಂತರ ಒಳಗೆ ಹೋಗಿ ಅದೇ ಚಲನಚಿತ್ರವನ್ನು ಮತ್ತೆ ಹಾಕಿದೆ. ಈ ಸಲ ಮಕ್ಕಳು ಸುಮ್ಮನೆ ಕೂಡಲಿಲ್ಲ. ‘ನಿಲ್ಲಿಸ್ರಿ ಸರ, ಇಲ್ಲಿ ನಾವು ಎಲ್ಲಿ ಅದೀವಿ?’ ಎಂದು ನಡುನಡುವೆ ತಡೆದು ಕೇಳಿದರು. ಎಂಟು ನಿಮಿಷದ ಚಿತ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಯಂತ್ರ ಅದೇ, ಚಿತ್ರ ಅದೇ, ಮಕ್ಕಳೂ ಅವರೇ. ಬದಲಾದುದು ಒಂದೇ: ಎರಡನೆಯ ಸಲ ಪ್ರಶ್ನೆ ಮೊದಲು ಹುಟ್ಟಿತ್ತು, ಚಿತ್ರ ಆಮೇಲೆ ಬಂದಿತ್ತು. ರಿಚರ್ಡ್ ಕ್ಲಾರ್ಕ್ ಎಂಬ ಅಮೆರಿಕದ ಶಿಕ್ಷಣತಜ್ಞರು 1983ರಲ್ಲಿ ಹೇಳಿದ ಮಾತಿನ ತಾತ್ಪರ್ಯವು ಆಗ ನನಗೆ ಮನದಟ್ಟಾಯಿತು. ಧಾನ್ಯವನ್ನು ಸಾಗಿಸುವ ಬಂಡಿಯು ಉಣ್ಣುವವನ ಪುಷ್ಟಿಯನ್ನು ಹೇಗೆ ಹೆಚ್ಚಿಸಲಾರದೋ ಹಾಗೆಯೇ ಪಾಠವನ್ನು ಸಾಗಿಸುವ ಮಾಧ್ಯಮವು ತಾನಾಗಿ ಕಲಿಕೆಯನ್ನು ಹೆಚ್ಚಿಸಲಾರದೆಂಬುದು ಅವರ ವಾದ. ಈ ವಾದವನ್ನು ವಿರೋಧಿಸಿದ ವಿದ್ವಾಂಸರೂ ಇದ್ದಾರೆ. ಕೆಲವು ಸಂಗತಿಗಳನ್ನು ಕೆಲವು ಮಾಧ್ಯಮಗಳು ಮಾತ್ರ ತೋರಿಸಬಲ್ಲವು ಎಂಬ ಅವರ ಮಾತಿನಲ್ಲಿ ತಥ್ಯವಿದೆ. ಬಡಿಯುತ್ತಿರುವ ಹೃದಯದ ಕವಾಟವನ್ನು ನಾನು ಸೀಮೆಸುಣ್ಣದಿಂದ ತೋರಿಸಲಾರೆ. ಕನ್ನಡ ಪಠ್ಯವನ್ನು ಓದಿ ಹೇಳುವ ತಂತ್ರಾಂಶವು ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಮಾಡುವ ಉಪಕಾರ ಸಣ್ಣದಲ್ಲ. ಆದರೂ ಬಂಡಿ ಬಂದು ನಿಂತ ಮಾತ್ರಕ್ಕೆ ಊಟವಾಯಿತೆಂದು ಬರೆದುಕೊಳ್ಳುವ ತಪ್ಪನ್ನು ನಾನು ಮಾಡಿದ್ದೆ. ಮೊದಲನೆಯ ಮಾತನ್ನು ಹೀಗೆ ತಿದ್ದಬೇಕು: ಯಂತ್ರವು ನೋಡುವುದನ್ನು ಸುಲಭಗೊಳಿಸುತ್ತದೆ; ತಿಳಿಯುವುದನ್ನಲ್ಲ.

ಇನ್ನು ಎರಡನೆಯ ಮಾತು. ಹಳ್ಳಿಯ ಮಗುವಿಗೆ ಯಂತ್ರದಿಂದ ನ್ಯಾಯ ದೊರೆಯುವುದೆಂಬ ಆಸೆಯು ನಮ್ಮ ಭಾಗದಲ್ಲಿಯೇ ಒಮ್ಮೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾಗಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಬಿತ್ತರಿಸಲಾಯಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಅಂದಿನ ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ವಿದ್ಯುತ್ತೇ ಅಪರೂಪವಾಗಿದ್ದ ಊರುಗಳಲ್ಲಿ ತಂತಿಬಲೆಯ ದೊಡ್ಡ ಬುಟ್ಟಿಯಂಥ ಆಂಟೆನಾ ನೆಟ್ಟು, ಮುಂಜಾನೆ ಶಾಲೆಯ ಮಕ್ಕಳಿಗೂ ಸಂಜೆ ಹಿರಿಯರಿಗೂ ಕಾರ್ಯಕ್ರಮಗಳನ್ನು ತೋರಿಸಲಾಗುತ್ತಿತ್ತು.

ನಮ್ಮ ಅಜ್ಜನವರು ಆಗ ರಾಯಚೂರು ಸೀಮೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ದೂರದರ್ಶನದ ಪೆಟ್ಟಿಗೆಯ ಕೀಲಿಕೈ ಅವರ ಬಳಿಯೇ ಇರುತ್ತಿತ್ತು. ಮುಂಜಾನೆಯ ಕನ್ನಡ ಪಾಠ ಮುಗಿದೊಡನೆ ಪೆಟ್ಟಿಗೆಯನ್ನು ಆರಿಸಿ, ಬಾಗಿಲು ಹಾಕಿ, ಒಬ್ಬೊಬ್ಬ ಹುಡುಗನನ್ನೂ ‘ಏನ್ ಕಂಡಿ ಹೇಳಪಾ’ ಎಂದು ಕೇಳುವುದು ಅವರ ರೂಢಿಯಾಗಿತ್ತಂತೆ. ‘ಆ ಬುಟ್ಟಿ ಮ್ಯಾಲಿಂದ ಬಂದದ್ದನ್ನ ಹಿಡಕೊಳ್ತಿತ್ತು, ಅಷ್ಟೇ. ನಮ್ಮೂರ ಹುಡುಗರು ಅಂದದ್ದನ್ನ ಮ್ಯಾಲಕ್ಕ ಕಳಸ್ತಿದ್ದಿಲ್ಲ. ಅದನ್ನ ನಾನs ಕೇಳಬೇಕಾಗಿತ್ತು’ ಎಂದು ಅವರು ನನಗೆ ಹೇಳಿದ್ದುಂಟು. ಬಾಲ್ಯದಲ್ಲಿ ಇದು ನನಗೆ ಮುದುಕರ ಮಾತೆನಿಸಿತ್ತು. ಇಂದು ಇದು ನಾನು ಕೇಳಿದ ಅತ್ಯುತ್ತಮ ಶಿಕ್ಷಣ ವಿಮರ್ಶೆಯೆನಿಸುತ್ತದೆ. ಒಂದು ವರ್ಷ ತುಂಬಿದೊಡನೆ ಕರಾರಿನಂತೆ ಉಪಗ್ರಹವು ಅಮೆರಿಕದ ಸೇವೆಗೆ ಹಿಂದಿರುಗಿತು. ಕೇಳುವ ಮಾಸ್ತರರು ಉಳಿದರು.

ಗಮನಾರ್ಹವಾದ ಇನ್ನೊಂದು ಸಂಗತಿಯೂ ಇದೆ. ಅದೇ ಉಪಗ್ರಹವನ್ನು ಬಳಸಿ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಕೊಡಲಾಯಿತು. ಅಲ್ಲಿ ದೂರದರ್ಶನದೊಡನೆ ಆಕಾಶವಾಣಿ, ಮುದ್ರಿತ ಪಾಠ, ಸ್ಥಳದಲ್ಲಿಯೇ ಮಾಡುವ ಪ್ರಯೋಗ ಹಾಗೂ ಚರ್ಚೆ ಇವೆಲ್ಲ ಸೇರಿದ್ದವು. ಸಂಶಯ ಕೇಳಲು ಎದುರಿಗೆ ಒಬ್ಬ ಮಾರ್ಗದರ್ಶಿ ಇರುತ್ತಿದ್ದ. ಅಂದರೆ ಯೋಜಕರಿಗೆ ಈ ರಹಸ್ಯ ತಿಳಿಯದೆ ಇರಲಿಲ್ಲ. ಮುಂದೆ 2004ರ ಸೆಪ್ಟೆಂಬರ್ 20ರಂದು ನಮ್ಮ ದೇಶವೇ ಶಿಕ್ಷಣಕ್ಕಾಗಿ ಮೀಸಲಾದ ‘ಎಡುಸ್ಯಾಟ್’ ಉಪಗ್ರಹವನ್ನು ಹಾರಿಸಿದಾಗ ಎರಡು ಬಗೆಯ ಕೇಂದ್ರಗಳನ್ನು ರೂಪಿಸಲಾಯಿತು: ಪಾಠವನ್ನು ಪಡೆದು ಮರುಪ್ರಶ್ನೆಯನ್ನೂ ಕಳಿಸಬಲ್ಲವು ಕೆಲವು, ಕೇವಲ ಪಡೆಯಬಲ್ಲವು ಕೆಲವು. ಕೇವಲ ಪಡೆಯುವ ಉಪಕರಣಕ್ಕೆ ವೆಚ್ಚ ಕಡಿಮೆ. ಪ್ರಶ್ನೆ ಕೇಳುವ ಅನುಕೂಲವು ಯಾವಾಗಲೂ ದುಬಾರಿಯಾದುದು, ಮತ್ತು ದುಬಾರಿಯಾದುದು ಹಳ್ಳಿಯ ಚಿಕ್ಕ ಮಗುವನ್ನು ಕೊನೆಗೆ ತಲುಪುತ್ತದೆ.

2020ರ ಮಾರ್ಚ್‌ನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಈ ಅಂತರವು ಎಲ್ಲರ ಕಣ್ಣಿಗೂ ಬಿದ್ದಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಪ್ರಾರಂಭವಾದ ‘ವಿದ್ಯಾಗಮ’ ಯೋಜನೆಯು ಮಕ್ಕಳನ್ನು ಅವರ ಮನೆಯಲ್ಲಿದ್ದ ಉಪಕರಣಗಳನ್ನು ನೋಡಿ ಮೂರು ಗುಂಪುಗಳಾಗಿ ವಿಂಗಡಿಸಬೇಕಾಯಿತು: ದೂರವಾಣಿಯೇ ಇಲ್ಲದವರು, ಅಂತರ್ಜಾಲವಿಲ್ಲದ ದೂರವಾಣಿ ಉಳ್ಳವರು, ಅಂತರ್ಜಾಲವೂ ಉಳ್ಳವರು. ಅಂತರವನ್ನು ಅಳಿಸಬೇಕಾಗಿದ್ದ ಯಂತ್ರವೇ ಅಂತರವನ್ನು ಅಳೆಯುವ ಕೋಲಾಯಿತು. ಆಗ ಶಿಕ್ಷಕರು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿಯಬೇಕಾಗಿ ಬಂದುದು ಬೇರೆ ಮಾತು. ಯಂತ್ರವಿಲ್ಲದ ಮಗುವನ್ನು ತಲುಪಿದ್ದು ನಡೆದುಕೊಂಡು ಹೋದ ಮನುಷ್ಯ ಎಂಬುದನ್ನು ಮರೆಯಲಾಗದು.

ಹಾಗಾದರೆ ಪ್ರತಿ ಮಗುವಿಗೂ ಒಂದು ಯಂತ್ರ ಕೊಟ್ಟುಬಿಟ್ಟರೆ ಸರಿಹೋಗುವುದೇ? ದಕ್ಷಿಣ ಅಮೆರಿಕದ ಪೆರು ದೇಶವು ಅದನ್ನೂ ಮಾಡಿ ನೋಡಿತು. ಮಗುವಿಗೊಂದರಂತೆ ಲ್ಯಾಪ್‌ಟಾಪ್ ಹಂಚಿದ ಅಲ್ಲಿಯ ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ವರದಿಯು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕಗಳು ಏರಿದುದು ಕಾಣಲಿಲ್ಲವೆಂದು ಹೇಳಿತು. ಯುನೆಸ್ಕೋ ಸಂಸ್ಥೆಯ 2023ರ ಜಾಗತಿಕ ಶಿಕ್ಷಣ ವರದಿಯೂ ತಂತ್ರಜ್ಞಾನವು ಶಿಕ್ಷಕನ ಸಂಪರ್ಕಕ್ಕೆ ಪೂರಕವಾಗಿರಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದೆಂದು ಎಚ್ಚರಿಸಿದೆ. ಎರಡನೆಯ ಮಾತಿಗೂ ಹೀಗೆ ತಿದ್ದುಪಡಿ ಬೇಕು: ಯಂತ್ರವು ಪಾಠವನ್ನು ಹಳ್ಳಿಗೆ ತರಬಲ್ಲದು, ಹಳ್ಳಿಯ ಮಗುವಿನ ಮಾತನ್ನು ಕೇಳುವವನನ್ನು ತರಲಾರದು.

ಉಳಿದದ್ದು ಮೂರನೆಯ ಮಾತು, ಶಿಕ್ಷಕನ ಹೊರೆ ಇಳಿಯುತ್ತದೆ ಎಂಬುದು. ಇಲ್ಲಿ ನನ್ನ ಪ್ರಬಂಧದ ಜೊತೆಗೆ ನಮ್ಮನ್ನು ಅಳೆಯುವ ಪದ್ಧತಿಯನ್ನೂ ವಿಮರ್ಶಿಸದೆ ಗತಿಯಿಲ್ಲ. ಬೋಧನಾಭ್ಯಾಸದಲ್ಲಿ ಮೇಲ್ವಿಚಾರಕರು ತುಂಬುವ ಪಾಠವೀಕ್ಷಣೆಯ ನಮೂನೆಯೊಂದಿದೆ. ನಾನು ಕಂಡ ನಮೂನೆಯಲ್ಲಿ ತಂತ್ರಜ್ಞಾನ ಬಳಸಿದನೇ ಎಂಬುದಕ್ಕೆ ಒಂದು ಅಂಕಣ, ಬೋಧನೋಪಕರಣಕ್ಕೆ ಇನ್ನೊಂದು ಅಂಕಣ ಇದ್ದವು. ಒಂದು ಮಗುವಾದರೂ ತನ್ನ ತಪ್ಪು ತಿಳಿವಳಿಕೆಯನ್ನು ಬಾಯಿಬಿಟ್ಟು ಹೇಳಿತೇ, ಶಿಕ್ಷಕ ಅದನ್ನು ಕೇಳಿ ಪಾಠದ ದಾರಿಯನ್ನು ಬದಲಿಸಿದನೇ ಎಂಬುದಕ್ಕೆ ಅಂಕಣವಿರಲಿಲ್ಲ. ಆದ್ದರಿಂದ ಚಂದ್ರನ ಪಾಠದಲ್ಲಿ ನಾನು ಸೋತ ದಿನ ನನಗೆ ಹೆಚ್ಚು ಅಂಕ ಬಂದಿತು. ಅಂಗಳದಲ್ಲಿ ಗೆದ್ದ ದಿನ ನಮೂನೆ ತುಂಬುವವರು ಯಾರೂ ಇರಲಿಲ್ಲ. 2014ರ ನಿಯಮಾವಳಿಯ ಬಳಿಕ ರೂಪುಗೊಂಡ ಎರಡು ವರ್ಷದ ಬಿ.ಎಡ್. ಪಠ್ಯಕ್ರಮದಲ್ಲಿ ತಂತ್ರಜ್ಞಾನದ ಕುರಿತ ಭಾಗಕ್ಕೆ ‘ವಿಮರ್ಶಾತ್ಮಕ ತಿಳಿವಳಿಕೆ’ ಎಂಬ ಅರ್ಥದ ಹೆಸರೇ ಇದೆ. ಹೆಸರಿನಲ್ಲಿರುವ ಆ ವಿಮರ್ಶೆಯನ್ನು ನಾವು ಅಭ್ಯಾಸದಲ್ಲಿ ಬಿಟ್ಟುಬಿಟ್ಟಿದ್ದೇವೆ. ಯಂತ್ರವನ್ನು ನಡೆಸಲು ಕಲಿತಿದ್ದೇವೆ, ಪ್ರಶ್ನಿಸಲು ಕಲಿತಿಲ್ಲ.

ಇಷ್ಟರಿಂದ ನಾನು ಯಂತ್ರದ್ವೇಷಿಯಾದೆನೆಂದು ವಾಚಕರು ತಿಳಿಯಬಾರದು. ಚಂದ್ರನ ಪಾಠದ ತರುವಾಯ ನಾನೊಂದು ಪ್ರಯೋಗ ಮಾಡಿದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ದಿನಕ್ಕೆ ಐದಾರು ಮಕ್ಕಳಿಂದ ಅಂದಿನ ಪಾಠವನ್ನು ಅವರ ಮಾತಿನಲ್ಲಿಯೇ ಒಂದೊಂದು ನಿಮಿಷ ಹೇಳಿಸಿ ನನ್ನ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡೆ. ರಾತ್ರಿ ಕೋಣೆಯಲ್ಲಿ ಕುಳಿತು ಕೇಳಿ, ಟಿಪ್ಪಣಿ ಮಾಡಿಕೊಂಡು, ಅಳಿಸಿಬಿಡುತ್ತಿದ್ದೆ. ಎಷ್ಟೋ ಮಕ್ಕಳು ನನ್ನ ಶಬ್ದಗಳನ್ನೇ ಅರ್ಥವಿಲ್ಲದೆ ನನಗೆ ಹಿಂದಿರುಗಿಸುತ್ತಿದ್ದರು. ತರಗತಿಯಲ್ಲಿ ಒಮ್ಮೆಯೂ ಕೈ ಎತ್ತದ ಒಬ್ಬ ಹುಡುಗ, ಕಾವು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವುದನ್ನು ತಾಯಿ ಹಂಚಿನ ಮೇಲೆ ರೊಟ್ಟಿ ಬೇಯಿಸುವುದನ್ನು ಹೇಳಿ ನನಗಿಂತ ಚೆನ್ನಾಗಿ ವಿವರಿಸಿದ್ದ. ಆ ಧ್ವನಿಯನ್ನು ನಾನು ಎರಡು ಸಲ ಕೇಳಿದೆ. ಮರುದಿನ ಅವನ ಹೆಸರು ಹಿಡಿದು ಕರೆದು ಎಲ್ಲರ ಮುಂದೆ ಹೇಳಿಸಿದೆ. ಇದರಿಂದ ನನ್ನ ಹೊರೆ ಇಳಿಯಲಿಲ್ಲ. ರಾತ್ರಿಯ ಒಂದು ಗಂಟೆ ಹೆಚ್ಚಾಯಿತು. ಆದರೆ ಅದು ಹೊರಬೇಕಾದ ಹೊರೆ. ಯಂತ್ರವು ಮೊದಲ ಸಲ ನನ್ನ ಬಾಯಿಯಾಗದೆ ನನ್ನ ಕಿವಿಯಾಗಿತ್ತು.

‘ಇನ್ನು ಮುಂದೆ ಯಂತ್ರವೇ ಕೇಳುತ್ತದಲ್ಲ’ ಎಂದು ಯಾರಾದರೂ ಆಕ್ಷೇಪಿಸಬಹುದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಸಾರ್ವಜನಿಕರ ಕೈಗೆ ಬಂದ ಮೇಲೆ ಈ ಆಕ್ಷೇಪಕ್ಕೆ ಬಲ ಬಂದಿದೆ. ಅಂಥ ಯಂತ್ರಗಳು ಕನ್ನಡದಲ್ಲಿಯೂ ಪ್ರಶ್ನೆಗೆ ಉತ್ತರ ಕೊಡುತ್ತವೆ, ಮರುಪ್ರಶ್ನೆಯನ್ನೂ ಹಾಕುತ್ತವೆ. ಇದನ್ನು ನಾನು ಹಗುರವಾಗಿ ಕಾಣಲಾರೆ. ರಾತ್ರಿ ಹತ್ತು ಗಂಟೆಗೆ ಸಂಶಯ ಹುಟ್ಟಿದ ವಿದ್ಯಾರ್ಥಿಗೆ ಅದು ಆಸರೆಯಾಗಬಹುದು. ಅದು ಧೈರ್ಯದಿಂದ ತಪ್ಪನ್ನೇ ಹೇಳುವುದೂ ಉಂಟೆಂಬ ಎಚ್ಚರಿಕೆ ಇದ್ದರೆ ಸಾಕು. ಆದರೆ ಅದು ಕೇಳುವುದು ಕೇಳಿದವರನ್ನು ಮಾತ್ರ. ಪ್ರಶ್ನೆಯನ್ನು ರೂಪಿಸಬಲ್ಲ ಮಗು ಅರ್ಧ ದಾರಿ ಕ್ರಮಿಸಿದ ಮಗು. ಬಾಯಿಬಿಡದೆ ಕುಳಿತವನ, ‘ತಿಳೀತ್ರಿ ಸರ’ ಎಂಬ ಗುಂಪಿನ ಕೂಗಿನಲ್ಲಿ ತನ್ನ ಅಜ್ಞಾನವನ್ನು ಅಡಗಿಸಿಕೊಂಡವನ ಮುಖವನ್ನು ಓದಬೇಕಾದವನು ಎದುರಿಗೆ ನಿಂತವನೇ. ನನಗೆ ಆ ಹುಡುಗಿಯ ಪ್ರಶ್ನೆ ಸಿಕ್ಕಿದ್ದು ಪಾಠದ ವೇಳೆಯಲ್ಲಲ್ಲ, ತಟ್ಟೆ ತೊಳೆಯುವ ನಲ್ಲಿಯ ಬಳಿಯಲ್ಲಿ. ಅಲ್ಲಿ ನಾನು ಇದ್ದುದರಿಂದ ಸಿಕ್ಕಿತು.

ಪ್ರಸಾದನಿಲಯದಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಪಂಕ್ತಿಯಲ್ಲಿ ಬಡಿಸುತ್ತ ಹೋಗುವಾಗ ಎಲೆಯನ್ನಲ್ಲ, ಮುಖವನ್ನು ನೋಡುತ್ತಿದ್ದರು. ಬೇಡವೆಂದವನಿಗೂ ಹಸಿವಿದ್ದರೆ ಇನ್ನೊಂದು ಸೌಟು ಬೀಳುತ್ತಿತ್ತು. ಅಲ್ಲಿ ಉಂಡ ವಾಚಕರಿಗೆ ನಾನು ಹೇಳುವುದು ಇದರಿಂದಲೇ ತಿಳಿದೀತು.

ಹೀಗಿರಲು ನನ್ನ ಪ್ರಬಂಧವನ್ನು ಮತ್ತೆ ಬರೆಯಲು ಹೇಳಿದರೆ ಹನ್ನೆರಡು ಪುಟಗಳು ಬೇಕಾಗಲಾರವು. ಯಾವುದೇ ಉಪಕರಣವನ್ನು ತರಗತಿಗೆ ಒಯ್ಯುವ ಮುನ್ನ, ಇದರಿಂದ ಮಕ್ಕಳಿಗೆ ನಾನು ಚೆನ್ನಾಗಿ ಕೇಳಿಸುವೆನೇ ಎಂದಲ್ಲ, ನನಗೆ ಮಕ್ಕಳು ಚೆನ್ನಾಗಿ ಕೇಳಿಸುವರೇ ಎಂದು ಪ್ರಶ್ನಿಸಿಕೊಳ್ಳುವೆನೆಂದು ಬರೆಯುವೆ. ಹೌದೆಂದಾದರೆ ಎಷ್ಟು ಹೊಸದಾದರೂ ಅದನ್ನು ಒಯ್ಯುವೆ. ಇಲ್ಲವೆಂದಾದರೆ ಎಷ್ಟು ಹೊಳೆಯುವುದಾದರೂ ಹೊರಗಿಡುವೆ. ಈ ಉತ್ತರಕ್ಕೆ 20ಕ್ಕೆ ಎಷ್ಟು ಅಂಕ ಬಂದೀತೋ ನನಗೆ ಗೊತ್ತಿಲ್ಲ. ಇನ್ನು ಕೆಲವು ತಿಂಗಳುಗಳಲ್ಲಿ ನಾನು ಒಂದು ತರಗತಿಯ ಮುಂದೆ ನಿಲ್ಲಬೇಕಾಗಿದೆ. ಅಲ್ಲಿ ಅಂಕ ಹಾಕುವವರು ಹಿಂದಿನ ಬೆಂಚಿನ ಮೇಲ್ವಿಚಾರಕರಲ್ಲ, ಮುಂದಿನ ಬೆಂಚಿನ ಮಕ್ಕಳು. ಈ ವೃತ್ತಿಯಲ್ಲಿ ಪಳಗಿದ ಹಿರಿಯರು ನನ್ನ ವಿಚಾರದಲ್ಲಿ ದೋಷ ಕಂಡರೆ ತಿದ್ದಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.